ಮರಳುಗಲ್ಲು ಕೊಳ್ಳುವ ಮುಂಚೆ: ಯಾರ್ಡಿನಿಂದ ಗೋಡೆಯವರೆಗೆ ಪರೀಕ್ಷೆಯ ಪೂರ್ತಿ ಕ್ರಮ

ಮೈಸೂರಿನಲ್ಲಿ ಮನೆಯ ಎಲಿವೇಷನ್‌ಗೆ ಮರಳುಗಲ್ಲು ಹಾಕಿಸಿದವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಹಾಕಿದಾಗ ಚೆನ್ನಾಗಿತ್ತು. ಎರಡು ಮಳೆಗಾಲ ಕಳೆದ ಮೇಲೆ ಹಕ್ಕಳೆ ಏಳುತ್ತಿದೆ, ತುಕ್ಕಿನ ಕಲೆ ಬರುತ್ತಿದೆ, ಕೆಳಗಿನ ಸಾಲಿನಲ್ಲಿ ಬಿಳಿ ಪುಡಿ ಉದುರುತ್ತಿದೆ. ಕಲ್ಲು ನೋಡದೆ ತಂದವರು ಯಾರೂ ಇಲ್ಲ. ಎಲ್ಲರೂ ನೋಡಿದ್ದಾರೆ, ತಟ್ಟಿದ್ದಾರೆ, ಒಬ್ಬ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿದ್ದಾರೆ. ಆದರೆ ನೋಡಿದ್ದು ಬಿಸಿಲಲ್ಲಿ ಒಣಗಿ ನಿಂತ ಕಲ್ಲನ್ನು. ಮರಳುಗಲ್ಲಿನ ನಿಜವಾದ ಗುಣ ಗೊತ್ತಾಗುವುದು ನೆನೆದಾಗ ಮತ್ತು ಅದರ ಪದರ ಯಾವ ಕಡೆ ಮಲಗಿದೆ ಅಂತ ನೋಡಿದಾಗ.

ಇನ್ನೊಂದು ಮಾತು. ನಮ್ಮ ಮೈಸೂರು, ಮಂಡ್ಯದ ನೆಲದಲ್ಲಿ ಇರುವುದು ಗ್ರಾನೈಟ್ ಮತ್ತು ಅದರ ಜಾತಿಯ ಗಟ್ಟಿ ಕಲ್ಲು. ಮರಳುಗಲ್ಲು ಇಲ್ಲಿಯದಲ್ಲ. ಕರ್ನಾಟಕದಲ್ಲಿ ಅದು ಸಿಗುವುದು ಬಾದಾಮಿ, ಬಾಗಲಕೋಟೆ ಕಡೆ. ಕಲ್ಲು ಮಾರುವ ಯಾರ್ಡುಗಳಲ್ಲಿ ಕಾಣುವ ಬಹುಪಾಲು ಸರಕು ರಾಜಸ್ಥಾನದ್ದು: ಧೋಲ್‌ಪುರ, ಜೋಧಪುರ, ಬನ್ಸಿ ಪಹಾಡ್‌ಪುರದ ಕಡೆಯದು. ಹಾಗಾಗಿ ನಮ್ಮ ಮೇಸ್ತ್ರಿಗಳ ಕೈಗೆ ಸೈಜುಗಲ್ಲು ಎಷ್ಟು ಗೊತ್ತೋ ಮರಳುಗಲ್ಲು ಅಷ್ಟು ಗೊತ್ತಿರುವುದಿಲ್ಲ. ಅವರನ್ನು ದೂರಬೇಡಿ. ಪರೀಕ್ಷೆ ನೀವೇ ಮಾಡಿ.

ಮೊದಲು ಕೈಗೆ ಬೇಕಾದ ಸಾಮಾನು

ಅಡುಗೆಮನೆಯ ಡಿಜಿಟಲ್ ತಕ್ಕಡಿ (5 ಕೆಜಿವರೆಗೆ ತೂಗುವಂಥದ್ದು, ಒಂದು ಗ್ರಾಂ ವ್ಯತ್ಯಾಸ ತೋರಿಸುವಂಥದ್ದು), ಚಿಕ್ಕ ಸುತ್ತಿಗೆ, ಒಂದು ಉಳಿ, ಕಬ್ಬಿಣದ ಮೊಳೆ, ಕಲ್ಲು ಮುಳುಗುವಷ್ಟು ದೊಡ್ಡ ಟಬ್ಬು, ಎರಡು ಗಾಜಿನ ಲೋಟ, ಭೂತಗನ್ನಡಿ, ಮಾರ್ಕರ್ ಪೆನ್ನು. ಬಾತ್‌ರೂಮ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಸ್ವಲ್ಪ, ಜೊತೆಗೆ ರಬ್ಬರ್ ಗ್ಲೌಸ್, ಕನ್ನಡಕ. ಯಾರ್ಡಿಗೆ ಹೋಗುವಾಗ ಒಂದು ಬಾಟಲಿ ನೀರು ಮರೆಯಬೇಡಿ. ಕುಡಿಯೋಕಲ್ಲ, ಕಲ್ಲಿನ ಮೇಲೆ ಸುರಿಯೋಕೆ.

## ಹಂತ 1: ಕಲ್ಲು ಎಲ್ಲಿ ಕೂರುತ್ತದೆ ಅಂತ ಮೊದಲು ಬರೆದುಕೊಳ್ಳಿ

ಬಹಳ ಜನ ಕಲ್ಲು ಇಷ್ಟಪಟ್ಟು, ಆಮೇಲೆ ಜಾಗ ಹುಡುಕುತ್ತಾರೆ. ಉಲ್ಟಾ ಮಾಡಿ. ಕಲ್ಲು ಹೋಗುವ ಪ್ರತಿ ಜಾಗವನ್ನೂ ಬರೆದು, ಪಕ್ಕದಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಮಳೆ ನೇರವಾಗಿ ಬೀಳುತ್ತಾ? ನೆಲದ ತೇವ ತಾಗುತ್ತಾ? ಮೇಲೆ ಭಾರ ಬರುತ್ತಾ, ಇಲ್ಲ ಜನ ಓಡಾಡುತ್ತಾರಾ?

ಪಾಯಕ್ಕೆ ಮರಳುಗಲ್ಲು ಬೇಡ. ಇದರಲ್ಲಿ ಚರ್ಚೆಯೇ ಇಲ್ಲ. ಹತ್ತಿರದಲ್ಲೇ ಒಳ್ಳೆ ಸೈಜುಗಲ್ಲು ಸಿಗುವಾಗ, ದೂರದಿಂದ ತಂದ, ನೀರು ಹೀರುವ ಕಲ್ಲನ್ನು ಮಣ್ಣಿನಲ್ಲಿ ಹೂಳುವುದು ದುಡ್ಡನ್ನೂ ಹೂಳಿದಂತೆ.

ಮಂಡ್ಯ ಕಡೆಯವರು ಇನ್ನೂ ಹುಷಾರಾಗಿರಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಗದ್ದೆ ಪಕ್ಕದ ಸೈಟುಗಳಲ್ಲಿ ನೆಲ ವರ್ಷದ ಬಹುಭಾಗ ತೇವವಾಗಿಯೇ ಇರುತ್ತದೆ. ಕೆಲವು ಕಡೆ ಮಣ್ಣು ಚೌಳು. ಆ ಉಪ್ಪುನೀರು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ, ಉಪ್ಪು ರಂಧ್ರದೊಳಗೇ ಹರಳುಗಟ್ಟಿ ಉಬ್ಬುತ್ತದೆ. ಆಗ ಕಲ್ಲಿನ ಮೈ ಒಳಗಿಂದಲೇ ಒಡೆದು ಪುಡಿ ಉದುರುತ್ತದೆ. ಇದಕ್ಕೆ ಪೇಂಟು, ಸೀಲರ್ (ನೀರು ತಡೆಯಲು ಕಲ್ಲಿಗೆ ಬಳಿಯುವ ದ್ರವ) ಯಾವುದೂ ಮದ್ದಲ್ಲ. ನೆಲದಿಂದ ಒಂದೂವರೆ ಅಡಿವರೆಗೆ ಗ್ರಾನೈಟ್ ಹಾಕಿ, ಅದರ ಮೇಲಿಂದ ಮರಳುಗಲ್ಲು ಶುರುಮಾಡಿ. ಮಳೆಹನಿ ನೆಲಕ್ಕೆ ಬಡಿದು ಚಿಮ್ಮುವ ಎತ್ತರವೂ ಅಷ್ಟೇ ಇರುತ್ತದೆ.

## ಹಂತ 2: ಇದು ನಿಜವಾಗಿ ಮರಳುಗಲ್ಲೇ?

ಯಾರ್ಡಿನಲ್ಲಿ ಎಲ್ಲವೂ "ನ್ಯಾಚುರಲ್ ಸ್ಟೋನ್". ಕೋಟಾ, ಶಹಾಬಾದ್, ಕಡಪ ಕಲ್ಲುಗಳು ಸುಣ್ಣದ ಕಲ್ಲಿನ ಜಾತಿ. ಅವುಗಳ ಲೆಕ್ಕವೇ ಬೇರೆ.

ಒಡೆದ ಹೊಸ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮರಳುಗಲ್ಲಾದರೆ ಒಂದೊಂದು ಕಾಳೂ ಬಿಡಿಬಿಡಿಯಾಗಿ ಕಾಣುತ್ತದೆ, ಕೈಗೆ ತರಿತರಿಯಾಗಿರುತ್ತದೆ. ಸುಣ್ಣದ ಕಲ್ಲು ಸಾಮಾನ್ಯವಾಗಿ ನುಣುಪು. ಅನುಮಾನ ಬಂದರೆ ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಬಿಡಿ. ಗುಳ್ಳೆ ಬಂದರೆ ಸುಣ್ಣ ಇದೆ ಅಂತ ಅರ್ಥ. ಕೆಲವು ಮರಳುಗಲ್ಲಿನಲ್ಲಿ ಕಾಳುಗಳನ್ನು ಹಿಡಿದಿಟ್ಟಿರುವ ಅಂಟೇ ಸುಣ್ಣದ್ದಾಗಿರುತ್ತದೆ. ಅದರ ವಿಚಾರ ಹಂತ 6ರಲ್ಲಿ ಇದೆ.

ಈ ಅಂಟು ಏನು ಅನ್ನುವುದೇ ಮುಖ್ಯ. ಕಾಳು ಎಲ್ಲದರಲ್ಲೂ ಹೆಚ್ಚಾಗಿ ಸ್ಫಟಿಕದ ಮರಳೇ. ಸಿಲಿಕಾದಿಂದ ಅಂಟಿದ್ದರೆ ಗಟ್ಟಿ. ಕಬ್ಬಿಣದ ಅಂಶದಿಂದ ಅಂಟಿದ್ದರೆ ಕೆಂಪು, ಕಂದು ಬಣ್ಣ, ಬಾಳಿಕೆ ಕಲ್ಲಿನಿಂದ ಕಲ್ಲಿಗೆ ಬೇರೆ. ಸುಣ್ಣದಿಂದ ಅಂಟಿದ್ದರೆ ಆಸಿಡ್‌ಗೆ ಕರಗುತ್ತದೆ. ಜೇಡಿಯಿಂದ ಅಂಟಿದ್ದರೆ ನೀರಿಗೇ ಮೆತ್ತಗಾಗುತ್ತದೆ. ಕೊನೆಯದನ್ನು ಹೊರಗೆ ಎಲ್ಲೂ ಹಾಕಬೇಡಿ.

## ಹಂತ 3: ಯಾರ್ಡಿನಲ್ಲಿ ಕಣ್ಣು, ಕೈ, ಕಿವಿ

ಮುಂದೆ ಜೋಡಿಸಿಟ್ಟ ಸ್ಯಾಂಪಲ್ ಬೋರ್ಡ್ ನೋಡಿ ಖುಷಿಪಡಿ, ಆದರೆ ಅದನ್ನು ನಂಬಬೇಡಿ. ಎಷ್ಟೋ ಸಲ ಅದಕ್ಕೆ ಮೇಣವೋ ಸೀಲರೋ ಬಳಿದಿರುತ್ತಾರೆ. ಹಿಂದೆ ಇರುವ ರಾಶಿಗೆ ಹೋಗಿ. ಮೇಲಿನದು, ನಡುವಿನದು, ಕೆಳಗಿನದು ಅಂತ ಐದಾರು ಚಪ್ಪಡಿ ತೆಗೆಸಿ.

ಕೈ: ಒಣಗಿದ ಮೈಯನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಗರಗಸದ ಪುಡಿ ಒಂದು ಸಲ ಬರುತ್ತದೆ, ಅದು ಸರಿ. ಒರೆಸಿ ಮತ್ತೆ ಉಜ್ಜಿದಾಗಲೂ ಕಾಳು ಉದುರಿದರೆ ಆ ರಾಶಿ ಬಿಡಿ. ಮೊಳೆಯಿಂದ ಗೀರಿದಾಗ ಗಟ್ಟಿ ಕಲ್ಲಿನ ಮೇಲೆ ಮೊಳೆಯೇ ಸವೆದು ಬೂದು ಗೆರೆ ಬಿಡುತ್ತದೆ. ಮೆತ್ತನೆಯದರಲ್ಲಿ ಗುಳಿ ಬೀಳುತ್ತದೆ.

ಕಿವಿ: ಚಪ್ಪಡಿಯನ್ನು ಎರಡು ಮರದ ಪಟ್ಟಿಯ ಮೇಲಿಟ್ಟು ಸುತ್ತಿಗೆಯಿಂದ ಹಗುರಾಗಿ ತಟ್ಟಿ. ಟಣ್ ಅನ್ನಬೇಕು. ದಬ್ ಅಂದರೆ ಒಳಗೆ ಬಿರುಕೋ ಜೇಡಿಪದರವೋ ಇದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಎರಡು. ನೆಲದ ಮೇಲೆ ಮಲಗಿಸಿ ತಟ್ಟಿದರೆ ಒಳ್ಳೆ ಕಲ್ಲೂ ದಬ್ ಅನ್ನುತ್ತದೆ. ಒದ್ದೆ ಕಲ್ಲೂ ಅಷ್ಟೇ. ಮಳೆ ನಿಂತ ಮರುದಿನ ಹೋಗಿ ತಟ್ಟಿ ತೀರ್ಮಾನ ಮಾಡಬೇಡಿ.

ಕಣ್ಣು: ಹಿತ್ತಾಳೆಯಂತೆ ಮಿರುಗುವ ಚುಕ್ಕೆಗಳಿದ್ದರೆ ಅದು ಕಬ್ಬಿಣ, ಗಂಧಕದ ಖನಿಜ. ಗಾಳಿ, ನೀರು ತಾಗಿದ ಮೇಲೆ ಅಲ್ಲಿಂದಲೇ ತುಕ್ಕು ಇಳಿಯುತ್ತದೆ. ಬೇರೆ ಬಣ್ಣದ ಮೆತ್ತನೆ ಗುಂಡುಗಳು ಕಂಡರೆ ಜೇಡಿ ಉಂಡೆ, ಮಳೆಗೆ ಕರಗಿ ಗುಳಿ ಬಿಡುತ್ತವೆ. ಅಲೆಅಲೆಯಾದ ಕಂದು ಗೆರೆಗಳನ್ನು ನೋಡಿ ಮಾತ್ರ ಹೆದರಬೇಕಿಲ್ಲ. ಬಹಳ ಸಲ ಅದು ಬಣ್ಣ ಅಷ್ಟೇ. ಆ ಗೆರೆಯ ಮೇಲೆ ಉಳಿ ಇಟ್ಟು ಒಂದು ಏಟು ಹಾಕಿ. ಗೆರೆಯ ಉದ್ದಕ್ಕೇ ಬಿಟ್ಟುಕೊಂಡರೆ ಆಗ ಯೋಚನೆ ಮಾಡಿ.

ದೊಡ್ಡ ದಿಮ್ಮಿ ಕೊಳ್ಳುವವರು ಅಂಚಿನಲ್ಲಿ ಸಿಡಿಮದ್ದಿನ ತೂತಿನ ಗುರುತು, ಅದರಿಂದ ಕವಲೊಡೆದ ಕೂದಲೆಳೆ ಬಿರುಕು ಇದೆಯಾ ನೋಡಬೇಕು. ನೀರು ಸುರಿದು ಎರಡು ನಿಮಿಷ ಬಿಡಿ. ಮೈ ಆರಿದ ಮೇಲೂ ಬಿರುಕು ಕಪ್ಪು ಗೆರೆಯಾಗಿ ಉಳಿಯುತ್ತದೆ.

## ಹಂತ 4: ಪದರ ಯಾವ ಕಡೆ ಇದೆ?

ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಅದಕ್ಕೆ ಇದನ್ನು ನಿಧಾನವಾಗಿ ಓದಿ.

ಮರಳುಗಲ್ಲು ಆಗಿರುವುದು ಪದರದ ಮೇಲೆ ಪದರ ಕೂತು. ಮೈಸೂರು ವೀಳ್ಯದೆಲೆಯ ಕಟ್ಟನ್ನು ಮಲಗಿಸಿ ಮೇಲಿಂದ ಒತ್ತಿದರೆ ಏನೂ ಆಗುವುದಿಲ್ಲ. ಅದನ್ನೇ ನಿಲ್ಲಿಸಿದರೆ ಹೊರಗಿನ ಎಲೆ ಒಂದೊಂದೇ ಜಾರುತ್ತದೆ. ಗೋಡೆ ಕಟ್ಟುವಾಗ ಪದರ ನೆಲಕ್ಕೆ ಸಮವಾಗಿ ಮಲಗಿರಬೇಕು. ಭಾರ ಪದರಕ್ಕೆ ನೇರವಾಗಿ ಮೇಲಿಂದ ಬೀಳಬೇಕು. ಪದರವನ್ನು ಮುಖಕ್ಕೆ ತಿರುಗಿಸಿ ನಿಲ್ಲಿಸಿದರೆ, ನೀರು ಪದರಗಳ ನಡುವೆ ಇಳಿದು ಮುಖವೇ ಹಕ್ಕಳೆಯಾಗಿ ಬರುತ್ತದೆ. ಕಮಾನಿನಲ್ಲಿ ಒತ್ತಡ ಕಮಾನಿನ ಸುತ್ತ ಬಾಗಿ ಹೋಗುತ್ತದೆ, ಹಾಗಾಗಿ ಪ್ರತಿ ಕಲ್ಲಿನ ಪದರವೂ ಆ ಒತ್ತಡಕ್ಕೆ ಅಡ್ಡವಾಗಿರಬೇಕು. ಗೋಡೆಯಿಂದ ಮುಂದೆ ಚಾಚಿದ ಕಾರ್ನಿಸ್‌ನಲ್ಲಿ ಪದರ ಮಲಗಿದ್ದರೆ ಕೆಳಗಿನ ಪದರ ಕಳಚಿ ಬೀಳುತ್ತದೆ. ಅಲ್ಲಿ ಮಾತ್ರ ಪದರ ಗೋಡೆಗೆ ಅಡ್ಡಲಾಗಿ ನಿಂತಿರಬೇಕು.

ಪದರ ಕಂಡುಹಿಡಿಯುವುದು ಹೇಗೆ? ಗರಗಸದಲ್ಲಿ ಕೊಯ್ದ ಕಲ್ಲಿನಲ್ಲಿ ಒಣಗಿದಾಗ ಕಾಣುವುದೇ ಇಲ್ಲ. ನಾಲ್ಕೂ ಅಂಚಿಗೆ ನೀರು ಸುರಿದು ಆರಲು ಬಿಡಿ. ಜೇಡಿ ಅಥವಾ ಸಣ್ಣ ಕಾಳಿರುವ ಪದರ ನಿಧಾನವಾಗಿ ಆರುತ್ತದೆ, ಗೆರೆ ಕಾಣುತ್ತದೆ. ಇನ್ನೊಂದು ಗುರುತು ಅಭ್ರಕ. ಬಿಸಿಲಿಗೆ ಹಿಡಿದಾಗ ಒಂದು ಮೈ ಮಾತ್ರ ಮಿಣಮಿಣ ಅಂದರೆ ಅದೇ ಪದರದ ಮೈ. ಅಭ್ರಕ ಜಾಸ್ತಿ ಇದ್ದರೆ ಆ ಜಾಗದಲ್ಲಿ ಕಲ್ಲು ಸುಲಭವಾಗಿ ಸೀಳುತ್ತದೆ. ಗುರುತು ಸಿಕ್ಕ ತಕ್ಷಣ ಮಾರ್ಕರಿನಿಂದ ಬಾಣ ಹಾಕಿ. ಲಾರಿಗೆ ಹತ್ತಿಸಿ ಇಳಿಸುವಾಗ ಎಲ್ಲಾ ಉಲ್ಟಾಪಲ್ಟಾ ಆಗುತ್ತದೆ.

ಈಗ ಎಲಿವೇಷನ್ ಮಾಡಿಸುವವರಿಗೆ ಒಂದು ಕಹಿ ಸತ್ಯ. ಮಾರುಕಟ್ಟೆಯ ತೆಳು ಚಪ್ಪಡಿಗಳಲ್ಲಿ ಎಷ್ಟೋ ಪದರದ ಉದ್ದಕ್ಕೇ ಸೀಳಿ ತೆಗೆದದ್ದು. ಅಗಲದ ಮುಖವೇ ಪದರ. ಅದನ್ನು ಗೋಡೆಗೆ ಅಂಟಿಸಿದರೆ ಪದರ ನಿಂತೇ ಇರುತ್ತದೆ, ಬೇರೆ ದಾರಿಯಿಲ್ಲ. ಹಾಗಂತ ಹಾಕಲೇಬಾರದು ಅಂತಲ್ಲ. ಭಾರ ಇಲ್ಲದ ಜಾಗ, ಸರಿ. ಆದರೆ ಮುಂದಿನ ನೀರಿನ ಪರೀಕ್ಷೆಯಲ್ಲಿ ಅದು ಚೆನ್ನಾಗಿ ಪಾಸಾಗಬೇಕು. ಮೇಲೆ ಸಜ್ಜಾ ಅಥವಾ ಕೋಪಿಂಗ್ (ಗೋಡೆಯ ತಲೆ ಮುಚ್ಚುವ ಕಲ್ಲು) ಇರಬೇಕು, ಹಿಂದಿನಿಂದ ನೀರು ಇಳಿಯಬಾರದು.

## ಹಂತ 5: ನೀರಿನ ಪರೀಕ್ಷೆ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇದೊಂದನ್ನಾದರೂ ಮಾಡಿ.

ಒಂದು ಚದರಡಿಯ 20 ಮಿ.ಮೀ. ಚಪ್ಪಡಿ 4 ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಅರ್ಧ ಮಾಡಿಸಿದರೆ ತಕ್ಕಡಿಗೆ ಅನುಕೂಲ. ರಾಶಿಯ ಬೇರೆಬೇರೆ ಜಾಗದಿಂದ ಕನಿಷ್ಠ ಐದು ತುಂಡು ತನ್ನಿ, ನಂಬರ್ ಹಾಕಿ. ಸೀಲರ್ ಬಳಿದ ಮುಖ ಇದ್ದರೆ ಆ ತುಂಡು ಬೇಡ.

ಒಣಗಿಸಿ. ಕೋರೆಯಿಂದ ಹೊಸದಾಗಿ ಬಂದ ಕಲ್ಲಿನೊಳಗೆ ಹಸಿ ಇರುತ್ತದೆ. ಅದನ್ನು ಹಾಗೇ ತೂಗಿ ನೆನೆಹಾಕಿದರೆ, ಮೊದಲೇ ಅರ್ಧ ತುಂಬಿದ ಕಲ್ಲು ಕಡಿಮೆ ನೀರು ಕುಡಿಯುತ್ತದೆ. ಕೆಟ್ಟ ಕಲ್ಲು ಪಾಸಾಗುತ್ತದೆ! ಲ್ಯಾಬಿನಲ್ಲಿ 105 ಡಿಗ್ರಿ ಆಸುಪಾಸಿನ ಓವನ್‌ನಲ್ಲಿ 24 ಗಂಟೆ ಇಡುತ್ತಾರೆ. ಮನೆಯಲ್ಲಿ ತಾರಸಿಯ ಬಿಸಿಲಿಗೆ ಹಾಕಿ, ಸಂಜೆ ಒಳಗೆ ತನ್ನಿ, ದಿನವೂ ತೂಗಿ. ಎರಡು ದಿನದ ತೂಕ ಒಂದೆರಡು ಗ್ರಾಂ ಒಳಗೆ ಒಂದೇ ಬಂದರೆ ಸಾಕು. ಬೇಸಿಗೆಯಲ್ಲಿ ಇದು ಸಲೀಸು. ಮೈಸೂರಿನ ಅಕ್ಟೋಬರ್ ಮಳೆಯಲ್ಲಿ ಕಷ್ಟ, ಆಗ ಲ್ಯಾಬಿಗೇ ಕೊಡಿ.

ನೆನೆಹಾಕಿ. ತಣ್ಣಗಾದ ಮೇಲೆ ಒಣತೂಕ ಬರೆದು, ಟಬ್ಬಿನಲ್ಲಿ 24 ಗಂಟೆ ಪೂರ್ತಿ ಮುಳುಗಿಸಿ. ಕೆಳಗೆ ಎರಡು ಕಡ್ಡಿ ಇಡಿ, ಅಡಿಗೂ ನೀರು ಹೋಗಲಿ.

ತೂಗಿ. ತೆಗೆದು ಹಿಂಡಿದ ಒದ್ದೆ ಬಟ್ಟೆಯಿಂದ ಮೈ ಒರೆಸಿ. ಒಣಬಟ್ಟೆ ಬೇಡ, ಅದು ಒಳಗಿನ ನೀರನ್ನೂ ಎಳೆಯುತ್ತದೆ. ತಡಮಾಡದೆ ತೂಗಿ.

ಲೆಕ್ಕ ಸುಲಭ. ಒದ್ದೆ ತೂಕದಿಂದ ಒಣತೂಕ ಕಳೆದು, ಒಣತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. ಉದಾಹರಣೆಗೆ ಒಣತೂಕ 2310 ಗ್ರಾಂ, ಒದ್ದೆ 2352 ಗ್ರಾಂ ಅಂದರೆ 42 ಗ್ರಾಂ ನೀರು, ಅಂದರೆ ಶೇ. 1.8. ಇನ್ನೊಂದು ತುಂಡು 2140ರಿಂದ 2226ಕ್ಕೆ ಏರಿದರೆ ಶೇ. 4.

ಮರಳುಗಲ್ಲಿನ ಚಪ್ಪಡಿ, ಟೈಲ್ಸಿಗೆ ಇರುವ ಭಾರತೀಯ ಮಾನಕ ಐಎಸ್ 3622. ಅದರ ಪ್ರಕಾರ ನೀರು ಹೀರುವುದು ಶೇ. 2.5 ದಾಟಬಾರದು. ಮಳೆಗೆ ಒಡ್ಡುವ ಜಾಗಕ್ಕೆ ನಾನು ಅದನ್ನು ಗೆರೆಯಾಗಿ ಇಟ್ಟುಕೊಳ್ಳುತ್ತೇನೆ, ಒಂದು ಚೂರೂ ಸಡಿಲಿಸುವುದಿಲ್ಲ. ಶೇ. 4ರವರೆಗೆ ಬಂದದ್ದನ್ನು ಒಳಗಿನ ಒಣಗೋಡೆಗೆ, ಅದೂ ಬಣ್ಣ ತುಂಬಾ ಇಷ್ಟವಾಗಿದ್ದರೆ ಒಪ್ಪಿಕೊಳ್ಳಬಹುದು. ಇದು ನನ್ನ ಅಭಿಪ್ರಾಯ, ಮಾನಕದ್ದಲ್ಲ.

ಸರಾಸರಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಐದರಲ್ಲಿ ನಾಲ್ಕು ಶೇ. 1.5, ಒಂದು ಶೇ. 5 ಬಂದರೆ ಸರಾಸರಿ ಚೆನ್ನಾಗೇ ಇರುತ್ತದೆ. ಆದರೆ ಆ ರಾಶಿ ಒಂದೇ ಕೋರೆಯ ಒಂದೇ ಪದರದ್ದಲ್ಲ, ಮಿಶ್ರ ಮಾಲು. ಗೋಡೆಯಲ್ಲಿ ಆ ಐದನೆಯದು ಚುಕ್ಕೆಚುಕ್ಕೆಯಾಗಿ ಎದ್ದು ಕಾಣುತ್ತದೆ.

ನೆನೆದ ತುಂಡನ್ನು ಬಿಸಾಡಬೇಡಿ. ಅಂಚನ್ನು ಮತ್ತೆ ಮೊಳೆಯಿಂದ ಗೀರಿ. ಒಣಗಿದ್ದಾಗ ಗೀರು ಬೀಳದ್ದು ಈಗ ಬಿದ್ದರೆ ಜೇಡಿ ಅಂಟು ಅಂತಲೇ ತಿಳಿಯಿರಿ.

## ಹಂತ 6: ಲೋಟದ ಎರಡು ಪರೀಕ್ಷೆ

ಕಲಕು ನೀರು. ಕಲ್ಲಿನ ಸಣ್ಣ ಚೂರುಗಳನ್ನು ತೊಳೆದು, ಗಾಜಿನ ಲೋಟದ ಶುದ್ಧ ನೀರಿಗೆ ಹಾಕಿ ಒಂದು ದಿನ ಬಿಡಿ. ಆಮೇಲೆ ಜೋರಾಗಿ ತಿರುಗಿಸಿ. ನೀರು ತಿಳಿಯಾಗಿದ್ದರೆ ಒಳ್ಳೆಯದು. ಕೆಸರಾದರೆ ಮಣ್ಣಿನ ಅಂಶ ಇದೆ. ಮೊದಲೇ ತೊಳೆಯದೆ ಹಾಕಿದರೆ ಗರಗಸದ ಪುಡಿಯೇ ಕೆಸರಿನಂತೆ ಕಂಡು ದಾರಿ ತಪ್ಪಿಸುತ್ತದೆ.

ಆಸಿಡ್. ಮರಳುಗಲ್ಲಿಗೆ ಇದು ಹಳೆಯ, ನಂಬಿಕಸ್ಥ ಪರೀಕ್ಷೆ. ಶೇ. 1ರಷ್ಟು ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಚೂಪು ಮೂಲೆಗಳಿರುವ ತುಂಡನ್ನು ಏಳು ದಿನ ಇಟ್ಟು, ಆಗಾಗ ಅಲ್ಲಾಡಿಸಬೇಕು. ಮೂಲೆ ಹಾಗೇ ಚೂಪಾಗಿದ್ದು, ಮೈಮೇಲೆ ಪುಡಿ ಏಳದಿದ್ದರೆ ಪಾಸು. ಮೂಲೆ ಮೊಂಡಾದರೆ ಸುಣ್ಣದ ಅಂಟು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಸುರಿಯಬಾರದು. ಮಕ್ಕಳ ಕೈಗೆ ಸಿಗದ ಕಡೆ, ಗಾಳಿಯಾಡುವ ಜಾಗದಲ್ಲಿ ಮಾಡಿ.

ಈ ಪರೀಕ್ಷೆಗೆ ಇನ್ನೊಂದು ಉಪಯೋಗ ಇದೆ. ಕಲ್ಲು ಹಾಕಿ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ನಮ್ಮಲ್ಲಿ ಕೆಲಸದವರು ಆಸಿಡ್ ಹಾಕಿ ತೊಳೆಯುತ್ತಾರೆ. ಗ್ರಾನೈಟ್‌ಗೆ ನಡೆಯುವ ಈ ಅಭ್ಯಾಸ ಮರಳುಗಲ್ಲಿಗೆ ನಡೆಯುವುದಿಲ್ಲ. ಸುಣ್ಣದ ಅಂಟು ಕರಗುತ್ತದೆ, ಕಬ್ಬಿಣದ ಅಂಶ ಕರಗಿ ಹಳದಿ ಕಲೆಯಾಗಿ ಹರಡುತ್ತದೆ. ಕೆಲಸ ಶುರುವಾಗುವ ಮೊದಲೇ "ಆಸಿಡ್ ಮುಟ್ಟಂಗಿಲ್ಲ" ಅಂತ ಹೇಳಿಬಿಡಿ.

## ಹಂತ 7: ಲ್ಯಾಬಿಗೆ ಯಾವಾಗ?

ಗೋಡೆಗೆ ಅಂಟಿಸುವ ಚಪ್ಪಡಿ, ಸಣ್ಣ ಕೆಲಸ ಅಂದರೆ ಮೇಲಿನಷ್ಟು ಸಾಕು. ಕಂಬ, ತೊಲೆ, ಬಾಗಿಲ ಮೇಲಿನ ಅಡ್ಡಗಲ್ಲು, ಭಾರ ಹೊರುವ ಗೋಡೆ, ಅಂಗಡಿ ಅಥವಾ ಕಲ್ಯಾಣಮಂಟಪದ ನೆಲ, ಇವಕ್ಕೆ ಲ್ಯಾಬ್ ವರದಿ ಇಲ್ಲದೆ ಕೈಹಾಕಬೇಡಿ. ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್‌ನಂಥ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಯಾವ ಪರೀಕ್ಷೆ ಮಾಡಿಕೊಡುತ್ತಾರೆ, ಯಾವ ಅಳತೆಯ ತುಂಡು ಬೇಕು ಅಂತ ಮೊದಲು ಕೇಳಿ, ಆಮೇಲೆ ಕಲ್ಲು ಕತ್ತರಿಸಿ.

ಕೇಳಬೇಕಾದ್ದು ಹೀಗೆ: ಐಎಸ್ 1124ರ ಪ್ರಕಾರ ನೀರು ಹೀರುವಿಕೆ, ಐಎಸ್ 1121ರ ಪ್ರಕಾರ ಶಕ್ತಿ, ಐಎಸ್ 1126ರ ಪ್ರಕಾರ ಬಾಳಿಕೆ. ಕೊನೆಯದರಲ್ಲಿ ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ನೆನೆಸಿ ಒಣಗಿಸಿ ಮಾಡುತ್ತಾರೆ. ಚೌಳು ಮಣ್ಣಿನ ಕಡೆಯವರಿಗೆ ಇದೇ ಮುಖ್ಯ. ನೆಲಕ್ಕಾದರೆ ಸವೆತದ ಪರೀಕ್ಷೆಯೂ ಬೇಕು. ಐಎಸ್ 3622ರಲ್ಲಿ ಸವೆತ ಸರಾಸರಿ 2 ಮಿ.ಮೀ. ಮೀರಬಾರದು, ಬಾಗುವ ಶಕ್ತಿ ಚದರ ಮಿಲಿಮೀಟರಿಗೆ 7 ನ್ಯೂಟನ್‌ಗಿಂತ ಕಡಿಮೆ ಇರಬಾರದು.

ಒತ್ತುವ ಶಕ್ತಿಯ ದೊಡ್ಡ ಅಂಕಿ ತೋರಿಸಿ ಮಾರುವವರಿದ್ದಾರೆ. ಎರಡು ಅಂತಸ್ತಿನ ಮನೆಯ ಗೋಡೆಯಲ್ಲಿ ಕಲ್ಲಿನ ಮೇಲೆ ಬೀಳುವ ಒತ್ತಡ ಸಾಮಾನ್ಯವಾಗಿ ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಒಳಗೇ ಇರುತ್ತದೆ. ಸುಮಾರಾದ ಮರಳುಗಲ್ಲೂ ಅದನ್ನು ಹೊರುತ್ತದೆ. ನೀವು ನೋಡಬೇಕಾದ್ದು ಒಣಗಿದಾಗಿನ ಮತ್ತು ನೆನೆದಾಗಿನ ಶಕ್ತಿಯ ನಡುವಿನ ಅಂತರ. ನೆನೆದಾಗ ಮುಕ್ಕಾಲು ಪಾಲೂ ಉಳಿಯದ ಕಲ್ಲನ್ನು ನಾನು ಹೊರಗಿನ ಕೆಲಸಕ್ಕೆ ಒಪ್ಪುವುದಿಲ್ಲ. ವರದಿಯಲ್ಲಿ ಎರಡೂ ಅಂಕಿ, ಪದರದ ದಿಕ್ಕು ಎರಡೂ ನಮೂದಾಗಿರಲಿ. ಬರೀ ಒಂದು ಅಂಕಿ ಇರುವ ವರದಿ ಅರ್ಧ ವರದಿ.

## ಹಂತ 8: ಲಾರಿ ಬಂದ ದಿನ

ಪಾಸಾದ ಸ್ಯಾಂಪಲ್‌ಗಳಲ್ಲಿ ಒಂದಕ್ಕೆ ನೀವು, ಮಾರಿದವರು ಇಬ್ಬರೂ ಸಹಿ ಹಾಕಿ ಇಟ್ಟುಕೊಂಡಿರಿ. ಲಾರಿ ಬಂದಾಗ ಅದರ ಪಕ್ಕ ಹಿಡಿದು ಹೋಲಿಸಿ, ಎರಡೂ ಕಲ್ಲಿಗೆ ನೀರು ಸುರಿದು. ಒಣಗಿದಾಗ ಒಂದೇ ಬಣ್ಣದ್ದು ಒದ್ದೆಯಾದಾಗ ಬೇರೆಯಾಗಿ ಕಾಣುವುದುಂಟು. ಬಿಲ್, ಸಾಗಣೆ ಪರ್ಮಿಟ್ ನೋಡಿ. ಪೂರ್ತಿ ದುಡ್ಡು ಇಳಿಸಿ ನೋಡಿದ ಮೇಲೆ ಕೊಡಿ.

ಕಲ್ಲನ್ನು ನೇರ ಮಣ್ಣಿನ ಮೇಲೆ ಪೇರಿಸಬೇಡಿ, ಮರದ ರೀಪರ್ ಮೇಲೆ ಇಡಿ. ಹೊಸ ಕೋರೆ ಕಲ್ಲಾದರೆ ಕೆತ್ತನೆ ಹಸಿಯಿದ್ದಾಗಲೇ ಮುಗಿಸಿ, ಗೋಡೆಗೆ ಏರಿಸುವ ಮೊದಲು ನೆರಳಲ್ಲಿ ಕೆಲವು ತಿಂಗಳು ಆರಲು ಬಿಡುವುದು ಒಳ್ಳೆಯದು. ಒಣಹುಲ್ಲಿನಿಂದ ಮುಚ್ಚುವ ಅಭ್ಯಾಸ ಕೆಲವರಿಗಿದೆ. ಮಳೆಗೆ ನೆನೆದರೆ ಹುಲ್ಲಿನ ಬಣ್ಣ ತಿಳಿಕಲ್ಲಿಗೆ ಇಳಿಯುತ್ತದೆ, ಹೋಗುವುದಿಲ್ಲ.

ಸೈಟಿನಲ್ಲಿ ಕೊಯ್ಯುವಾಗ ನೀರು ಹಾಕಿಯೇ ಕೊಯ್ಯಬೇಕು. ಮರಳುಗಲ್ಲಿನ ಧೂಳಿನಲ್ಲಿ ಸಿಲಿಕಾ ತುಂಬಾ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆ ಅಲ್ಲ. ಮುಖಕ್ಕೆ ಟವೆಲ್ ಕಟ್ಟಿದರೆ ಸಾಲದು. ಎನ್95 ಮಾಸ್ಕ್ ನೀವೇ ತಂದುಕೊಡಿ.

## ಹಂತ 9: ಹಾಕುವಾಗ, ಹಾಕಿದ ಮೇಲೆ

ಕಲ್ಲನ್ನು ಗೋಡೆಗೆ ಹಿಡಿದಿಡಲು ಕ್ಲಾಂಪು ಬಳಸುವುದಾದರೆ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲಿನ ಮೂಲೆ ಒಡೆಯುತ್ತದೆ. ಸಂದು ತುಂಬಲು 1:3ರಂಥ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ಗಟ್ಟಿ ಸಿಮೆಂಟ್ ಗಾರೆ ಬೇಡ. ಗಾರೆ ಕಲ್ಲಿಗಿಂತ ಗಟ್ಟಿಯಾದರೆ ನೀರು ಸಂದಿನ ಬದಲು ಕಲ್ಲಿನ ಮೂಲಕವೇ ಆರುತ್ತದೆ, ಅಂಚು ಉದುರಲು ಶುರುವಾಗುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದು ತೊಳೆದು ಬಿಳಿ ಪೊರೆ ಬರಿಸಿಕೊಂಡವರೂ ಇದ್ದಾರೆ.

ಮೊದಲ ಮಳೆಗಾಲದಲ್ಲಿ ಮಳೆ ನಿಂತ ಮೇಲೆ ಒಮ್ಮೆ ಗೋಡೆ ನೋಡಿ. ಎಲ್ಲಾ ಆರಿದ ಮೇಲೂ ಒಂದೆರಡು ಕಲ್ಲು ಕಪ್ಪಾಗೇ ಇದ್ದರೆ ಅವುಗಳ ಹಿಂದೆ ನೀರು ನಿಂತಿದೆ. ತಟ್ಟಿದರೆ ಟೊಳ್ಳು ಸದ್ದು ಬಂದರೆ ಅಂಟು ಬಿಟ್ಟಿದೆ, ಮೇಲಿನ ಅಂತಸ್ತಿನದಾದರೆ ತಕ್ಷಣ ತೆಗೆಸಿ, ಕೆಳಗೆ ಜನ ಓಡಾಡುತ್ತಾರೆ. ಬಿಳಿ ಪುಡಿ ಕಂಡರೆ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಎರಡನೇ ವರ್ಷ ನಿಂತುಹೋದರೆ ಅದು ಸಿಮೆಂಟಿನ ಉಪ್ಪು, ಪರವಾಗಿಲ್ಲ. ಪ್ರತಿ ವರ್ಷ ಕೆಳಗಿನ ಸಾಲಿನಲ್ಲೇ ಬರುತ್ತಿದ್ದರೆ ನೆಲದಿಂದ ತೇವ ಏರುತ್ತಿದೆ. ಆಗ ಕಲ್ಲು ಬದಲಿಸಿ ಪ್ರಯೋಜನ ಇಲ್ಲ, ಮೊದಲು ತೇವದ ದಾರಿ ಕಟ್ಟಿ.

ಸೀಲರ್ ಹಾಕುವುದಾದರೆ ಕಲ್ಲು ಪೂರ್ತಿ ಆರಿದ ಮೇಲೆ, ಒಳಗಿನ ಆವಿ ಹೊರಗೆ ಬಿಡುವ ಜಾತಿಯದನ್ನೇ ಹಾಕಿ. ಮಿರಮಿರ ಹೊಳೆಯುವ ವಾರ್ನಿಷ್ ಥರದ್ದು ಒಳಗಿನ ನೀರನ್ನು ಬಂದಿ ಮಾಡುತ್ತದೆ.

ಮತ್ತೆ, ಕೆಲಸ ಮುಗಿದ ಮೇಲೆ ಉಳಿದ ಹತ್ತು ಹನ್ನೆರಡು ಚಪ್ಪಡಿಯನ್ನು ಯಾರಿಗೂ ಕೊಡಬೇಡಿ. ಮುಂದೆ ಒಂದೆರಡು ಬದಲಿಸಬೇಕಾಗಿ ಬಂದಾಗ ಅದೇ ಬಣ್ಣದ ಲಾಟು ಸಿಗುವುದಿಲ್ಲ.